ಕೊನೆಯ ದೋಣಿ ಮೂರೂವರೆಗೆ

ಮುಂಬಯಿ ಬಂದರು
೩ ಡಿಸೆಂಬರ್ ೨೦೨೪

ಅಮ್ಮಾ,

ಫೋನ್ ಮಾಡಿದರೆ ಐದು ನಿಮಿಷಕ್ಕೆ ನಮ್ಮಿಬ್ಬರಲ್ಲಿ ಒಬ್ಬರು ಕಟ್ ಮಾಡುತ್ತೇವೆ. ಕಾಗದದಲ್ಲಾದರೆ ನಾನು ಹೇಳುವುದನ್ನು ನೀನು ಪೂರ್ತಿ ಕೇಳಲೇಬೇಕು. ಅದಕ್ಕೇ ಬರೆಯುತ್ತಿದ್ದೇನೆ. ಹರಿದು ಹಾಕುವುದಾದರೂ ಓದಿ ಹರಿ.

ನಾನು ಈ ಪ್ರವಾಸಿ ಹಡಗಿನ ಕೆಲಸಕ್ಕೆ ಸೇರಿ ಈ ತಿಂಗಳಿಗೆ ಎರಡು ವರ್ಷ. ಇಲ್ಲಿ ಎರಡು ವರ್ಷ ಪೂರೈಸಿದವರು ಮನೆಯವರೊಬ್ಬರನ್ನು ಒಂದು ಪ್ರಯಾಣಕ್ಕೆ ಪುಕ್ಕಟೆ ಕರೆಸಿಕೊಳ್ಳಬಹುದು. ನಿನ್ನ ಹೆಸರು ಬರೆದುಕೊಟ್ಟಿದ್ದೇನೆ. ಕೇಳದೆಯೇ ಬರೆದೆ, ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಸಂಕ್ರಾಂತಿ ಕಳೆದು ಮೂರನೆಯ ದಿನ ಮುಂಬಯಿಯಿಂದ ಹೊರಟರೆ, ನಡುವೆ ಲಕ್ಷದ್ವೀಪದ ಒಂದು ದ್ವೀಪ ನೋಡಿ, ಐದನೆಯ ದಿನ ವಾಪಸ್ ಬರುತ್ತೇವೆ.

ದ್ವೀಪದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ದಡದ ಹತ್ತಿರ ಆಳವಿಲ್ಲ. ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕಿ ನಿಲ್ಲುತ್ತದೆ. ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಟ್ಟು ಮತ್ತೆ ಕರೆತರುತ್ತಾರೆ. ಬಹಳ ಮಂದಿ ಗೈಡ್ ಇರುವ ಗುಂಪಿನಲ್ಲಿ ಹೋಗುತ್ತಾರೆ, ಆ ಗುಂಪು ತಡವಾದರೆ ದೋಣಿ ಕಾಯುತ್ತದೆ. ತಾವಾಗಿ ತಿರುಗಾಡಲು ಹೋದವರು ತಡ ಮಾಡಿದರೆ ಕಾಯುವುದಿಲ್ಲ. ದೋಣಿ ಹತ್ತುವ ಬಾಗಿಲಲ್ಲಿ ಹೋಗುವವರ, ಬರುವವರ ಕಾರ್ಡು ನೋಡುವುದೇ ನನ್ನ ಕೆಲಸ. ಆದರೆ ಆ ದಿನ ನನಗೆ ರಜೆ ಇದೆ, ನಿನ್ನ ಜೊತೆಗೇ ಇರುತ್ತೇನೆ. ಬಾ ಅಮ್ಮ.

ನಿನ್ನ
ಬಿಂದು


ಹೊಸದುರ್ಗ
೧೪ ಡಿಸೆಂಬರ್ ೨೦೨೪

ಬಿಂದು,

ಕಾಗದ ಬಂತು. ಹರಿದಿಲ್ಲ. ನಿನ್ನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ, ಹಡಗಿನವರೂ ಅದನ್ನು ತಿದ್ದಿದ ಹಾಗೆ ಕಾಣಲಿಲ್ಲ.

ನಿನ್ನ ದೊಡ್ಡಪ್ಪ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟರು. ಓದಿ ಹೇಳಿದೆ. "ಹಡಗಾ? ಹೊಸದುರ್ಗದ ಬಸ್‌ಸ್ಟ್ಯಾಂಡಿಗೆ ಒಬ್ಳೇ ಹೋದವಳಲ್ಲ, ಇವಳು ಹಡಗು ಹತ್ತುತಾಳಂತೆ!" ಎಂದು ಕೆಮ್ಮು ಬರುವ ತನಕ ನಕ್ಕರು. ನನಗೂ ನಗು ಬಂತು, ಆಮೇಲೆ ಬರಲಿಲ್ಲ. ಅವರು ಕೆಟ್ಟವರಲ್ಲ. ನಿಮ್ಮಪ್ಪ ಹೋಗಿ ಹದಿನಾಲ್ಕು ವರ್ಷವಾಯಿತು, ಈ ಮನೆಯಲ್ಲಿ ಒಂದು ದಿನ ನನಗೆ ಎದುರು ಮಾತಾಡಿದವರಿಲ್ಲ. ಎಲ್ಲಿಗೆ ಹೋಗಬೇಕಾದರೂ ಯಾರಾದರೂ ಕರೆದುಕೊಂಡು ಹೋಗುತ್ತಾರೆ. ಮಠಕ್ಕೆ ನಿನ್ನ ದೊಡ್ಡಮ್ಮ, ಆಸ್ಪತ್ರೆಗೆ ನಿನ್ನ ಅಣ್ಣ ತಿಪ್ಪೇಶ, ಚಿತ್ರದುರ್ಗದ ಮದುವೆಗಳಿಗೆ ಇಡೀ ಮನೆ. ಐವತ್ತೆರಡು ವರ್ಷವಾಯಿತು ನನಗೆ, ಬಸ್ಸಿನಲ್ಲಿ ನನ್ನ ಟಿಕೆಟ್ಟು ನಾನೇ ಕೇಳಿ ತೆಗೆದುಕೊಂಡಿಲ್ಲ. ಇದನ್ನು ಮಗಳಿಗೆ ಬರೆಯಲು ನಾಚಿಕೆಯಾಯಿತು.

ಇನ್ನೊಂದು ವಿಷಯ ಇದೆ. ಹಿಂದಿನ ಬೀದಿಯ ಅನುಸೂಯ ಗೊತ್ತಲ್ಲ, ಮಹಿಳಾ ಸಂಘದವಳು. ಹೆಂಗಸರೇ ಸೇರಿ ಕೊಬ್ಬರಿ ವ್ಯಾಪಾರ ಶುರು ಮಾಡಿದ್ದಾರೆ. ಪ್ರತಿ ಸೋಮವಾರ ಹಿರಿಯೂರಿನ ಕಡೆಯ ತೋಟಗಳಿಗೆ ಹೋಗಿ, ಅಟ್ಟದ ಮೇಲೆ ಒಂದು ವರ್ಷ ಒಣಗಿದ ಕಾಯಿ ನೋಡಿ ಆರಿಸಬೇಕು. ಕಾಯಿ ಅಲ್ಲಾಡಿಸಿ, ಒಳಗೆ ನೀರು ಪೂರ್ತಿ ಇಂಗಿ ಕೊಬ್ಬರಿ ಉಂಡೆಯಾಗಿ ಕಳಚಿಕೊಂಡಿದೆಯೋ ಇಲ್ಲವೋ ಎಂದು ಕಿವಿಯಲ್ಲೇ ಹೇಳುವವರು ಈಗ ಕಡಿಮೆ. ನಾನು ಮನೆಯ ಅಟ್ಟದಲ್ಲಿ ಮೂವತ್ತು ವರ್ಷದಿಂದ ಅದನ್ನೇ ಮಾಡಿದ್ದು. "ಅಕ್ಕಾ, ನಿನ್ ಕಿವಿ ಬೇಕು ನಮಗೆ. ನಮ್ಮಲ್ಲಿ ಯಾರಿಗೂ ಸೋಮವಾರ ಬಿಡುವಿಲ್ಲ, ನೀನೇ ಹೋಗಿ ಬರಬೇಕಾಗ್ತೈತೆ. ಯುಗಾದಿಯೊಳಗೆ ಹೇಳು" ಅಂದಳು. ಹೋಗಬೇಕೆಂಬ ಆಸೆ ಎಷ್ಟಿದೆ ಎಂದು ನಿನಗೊಬ್ಬಳಿಗೆ ಹೇಳುತ್ತೇನೆ. ಆದರೆ ಹಿರಿಯೂರಿಗೆ ಬಸ್ಸಿನಲ್ಲಿ ಒಬ್ಬಳೇ? ಆಗುವುದಿಲ್ಲ ಅನ್ನಲು ಬಾಯಿ ಬರುತ್ತಿಲ್ಲ, ಆಗುತ್ತದೆ ಅನ್ನಲು ಎದೆ ಬರುತ್ತಿಲ್ಲ.

ನಿನ್ನ ಹಡಗಿಗೆ ಬರುತ್ತೇನೆ. ತಿಪ್ಪೇಶ ಮುಂಬಯಿಗೆ ತಂದು ಒಪ್ಪಿಸಿ, ಅಲ್ಲೇ ಇದ್ದು ಮತ್ತೆ ಪಾರ್ಸೆಲ್ ಬಿಡಿಸಿಕೊಂಡು ಹೋಗುತ್ತಾನಂತೆ. ಜೊತೆಗಿರುತ್ತೇನೆ ಎಂದು ಬರೆದಿದ್ದೀಯಲ್ಲ, ಆ ಮಾತಿನ ಮೇಲೆ ಬರುತ್ತಿದ್ದೇನೆ.

ಅಮ್ಮ
ಮಹಾದೇವಮ್ಮ


ಹಡಗಿನಲ್ಲಿ
೧೯ ಜನವರಿ ೨೦೨೫, ಬೆಳಗ್ಗೆ ಆರು

ಅಮ್ಮಾ,

ಬಾಗಿಲು ತಟ್ಟಿದೆ, ನೀನು ಸ್ನಾನಕ್ಕೆ ಹೋಗಿದ್ದೆ ಅನ್ನಿಸುತ್ತದೆ. ಚೀಟಿಯನ್ನು ಬಾಗಿಲ ಕೆಳಗೆ ತೂರಿಸುತ್ತಿದ್ದೇನೆ. ಇವತ್ತು ನನಗೆ ಡ್ಯೂಟಿ ಬಿದ್ದಿದೆ. ಬರಲಾಗುವುದಿಲ್ಲ.

ಗುಂಪಿನ ಟಿಕೆಟ್ಟುಗಳು ಮುಗಿದಿವೆ. ನೀನೊಬ್ಬಳೇ ಹೋಗಿ ಬಾ. ಒಂಬತ್ತು ಗಂಟೆಗೆ ಮೂರನೆಯ ಮಹಡಿಗೆ ಇಳಿ, ಅಲ್ಲಿ ದೋಣಿ ಇರುತ್ತದೆ. ಕಾರ್ಡು ಕುತ್ತಿಗೆಗೆ ಹಾಕಿಕೊ. ನೀರಿನ ಬಾಟಲಿ, ಟೋಪಿ ಮೇಜಿನ ಮೇಲಿವೆ. ದ್ವೀಪ ಉದ್ದಕ್ಕಿದೆ, ಅಗಲ ಕಡಿಮೆ. ಕೊನೆಯ ದೋಣಿ ಮೂರೂವರೆಗೆ. ಇಳಿದ ಜಾಗಕ್ಕೆ ಏನಾದರೂ ಗುರುತು ಇಟ್ಟುಕೊ.

ಹೋಗದಿದ್ದರೂ ಪರವಾಗಿಲ್ಲ. ಆದರೆ ಹೋಗು.

ಬಿಂದು


ಹೊಸದುರ್ಗ
೬ ಫೆಬ್ರವರಿ ೨೦೨೫

ಬಿಂದು,

ಊರಿಗೆ ಬಂದು ಎರಡು ವಾರವಾಯಿತು. ಹಡಗಿನಲ್ಲಿ ಐದು ದಿನ ಒಂದೇ ಸೂರಿನಡಿ ಇದ್ದೆವು. ಇಡ್ಲಿ ಗಟ್ಟಿಯಾಯಿತು, ಎಸಿ ಜಾಸ್ತಿಯಾಯಿತು ಅನ್ನುವುದು ಬಿಟ್ಟು ಬೇರೇನೂ ಮಾತಾಡಲಿಲ್ಲ. ಎದುರಿಗೆ ಕೂತಾಗ ಬಾಯಿಗೆ ಬರದ್ದು ಇಲ್ಲಿ ಅಡಿಗೆಮನೆಯಲ್ಲಿ ಕೂತರೆ ಬರುತ್ತದೆ. ದ್ವೀಪದಲ್ಲಿ ನಡೆದದ್ದನ್ನು ನಿನಗೆ ಹೇಳಿಲ್ಲ. ಮನೆಯಲ್ಲೂ ಯಾರಿಗೂ ಹೇಳಿಲ್ಲ.

ನಿನ್ನ ಚೀಟಿ ಓದಿ ಹಾಸಿಗೆಯ ಮೇಲೆ ಕೂತೆ. ನಿನ್ನನ್ನು ಚೆನ್ನಾಗಿ ಬೈದೆ. ಹೋಗುವುದೇ ಬೇಡ ಎಂದು ತೀರ್ಮಾನಿಸಿ, ಕೊಠಡಿಯಲ್ಲಿ ಒಂದು ಗಂಟೆ ಗೋಡೆ ನೋಡಿದೆ. ಆಮೇಲೆ ಕಾರ್ಡು ಹಾಕಿಕೊಂಡು ಇಳಿದೆ. ಬಾಗಿಲಲ್ಲಿ ನೀನೇ ನಿಂತಿದ್ದೆ. "ಹುಷಾರು" ಅಂದೆ. ನಾನು ದೋಣಿಗೆ ಕಾಲಿಟ್ಟೆ. ಪಕ್ಕದ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ.

ದೋಣಿಯಿಂದ ಇಳಿಯುವಾಗ ಬಿಸಿಲು ಎದುರಿನಿಂದ ಕಣ್ಣಿಗೆ ಹೊಡೆಯುತ್ತಿತ್ತು. ನೀರು ಹಸಿರಾಗಿ, ಅಲ್ಲಾಡದೆ ಇತ್ತು, ನಮ್ಮ ಮಾರಿಕಣಿವೆ ಹಿನ್ನೀರಿನ ಹಾಗೆ. ನೀನು ಗುರುತು ಇಟ್ಟುಕೊ ಅಂದಿದ್ದೆಯಲ್ಲ, ಸುತ್ತ ನೋಡಿದೆ. ದೋಣಿಕಟ್ಟೆಯ ಪಕ್ಕದಲ್ಲೇ ಒಂದು ತೆಂಗಿನ ಮರ ನೀರಿನ ಕಡೆ ಬಾಗಿ ನಿಂತಿತ್ತು. ಸಾಕು ಅಂದುಕೊಂಡೆ. ನಮ್ಮ ತೋಟಗಳಲ್ಲಿ ಮರಗಳು ಸಾಲಾಗಿ ನೆಟ್ಟಗೆ ನಿಂತಿರುತ್ತವೆ. ನೂರರಲ್ಲಿ ಒಂದು ಬಾಗಿದ್ದರೆ ಅದೇ ಅಡ್ರೆಸ್ಸು. ಬಾಗಿದ ಮರದ ಹತ್ತಿರ ಬುತ್ತಿ ತಾ ಅಂದರೆ ಹೊಸದಾಗಿ ಕೂಲಿಗೆ ಬಂದವರೂ ತಪ್ಪದೆ ತರುತ್ತಾರೆ. ಅಷ್ಟು ಗಟ್ಟಿ ಗುರುತು ಸಿಕ್ಕಿತಲ್ಲ ಎಂದು ನನಗೆ ನನ್ನ ಮೇಲೇ ಹೆಮ್ಮೆಯಾಯಿತು.

ಒಳಗೆ ಹೋದರೆ ಎತ್ತ ನೋಡಿದರೂ ತೆಂಗು. ಸಮುದ್ರದ ನಡುವೆ ಹೊಸದುರ್ಗ ತಂದು ಇಟ್ಟಿದ್ದಾರಲ್ಲ ಅನ್ನಿಸಿ ಹೆದರಿಕೆ ಅರ್ಧ ಇಳಿಯಿತು. ಒಂದು ಮನೆಯ ಅಂಗಳದಲ್ಲಿ ಹೆಂಗಸೊಬ್ಬಳು ಕಾಯಿ ಒಡೆದು ಹೋಳುಗಳನ್ನು ಚಾಪೆಯ ಮೇಲೆ ಬಿಸಿಲಿಗೆ ಹರಡುತ್ತಿದ್ದಳು. ಬೇಲಿಯ ಹೊರಗೆ ನಿಂತು ನೋಡಿದೆ. ಬಾ ಎಂದು ಕೈ ಸನ್ನೆ ಮಾಡಿದಳು. ಅವಳ ಮಾತು ನನಗಿಲ್ಲ, ನನ್ನ ಮಾತು ಅವಳಿಗಿಲ್ಲ. ಗೋಡೆಯ ಬದಿಗೆ ಒಂದಷ್ಟು ಹಳೆಯ ಕಾಯಿ ಬಿಸಾಡಿದ್ದರು. ಒಂದು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ನೀರಿನ ಸದ್ದಿಲ್ಲ, ಒಳಗೆ ಉಂಡೆ ಉರುಳಿತು. ನಾವು ವರ್ಷಗಟ್ಟಲೆ ಕಾದು ಮಾಡುವ ಕೊಬ್ಬರಿಯನ್ನು ಇವರು ಕೆಟ್ಟಿತೆಂದು ಎಸೆದಿದ್ದಾರೆ! ನನಗೆ ತಡೆಯಲಾಗಲಿಲ್ಲ. ಅವಳ ಕತ್ತಿ ಕೇಳಿ ತೆಗೆದುಕೊಂಡು ಅಲ್ಲೇ ಕೂತೆ. ಸಿಪ್ಪೆ ತೆಗೆದು, ಚಿಪ್ಪನ್ನು ಸುತ್ತ ತಟ್ಟಿ ಬಿಡಿಸಿ, ಉಂಡೆಯನ್ನು ಒಡೆಯದೆ ಅವಳ ಅಂಗೈಗೆ ಇಟ್ಟೆ. ಅವಳು ಮೂಸಿ ನೋಡಿ, ಕಚ್ಚಿ ನೋಡಿ, ಒಳಗಿನಿಂದ ಅತ್ತೆಯನ್ನು ಕರೆದಳು. ಅತ್ತೆ ಪಕ್ಕದ ಮನೆಯವರನ್ನು ಕರೆದಳು. ಆರು ಹೆಂಗಸರು ಸಾಲಾಗಿ ಕೂತು ಕಾಯಿಯನ್ನು ಕಿವಿಗಿಟ್ಟುಕೊಂಡು ಅಲ್ಲಾಡಿಸುತ್ತಿದ್ದರು, ನಾನು ಅವರಿಗೆ ಮೇಷ್ಟ್ರು. ಅನ್ನ, ಮೀನು ತಂದಿಟ್ಟರು. ಮೀನು ಬೇಡವೆಂದು ಕೈ ಮುಗಿದೆ, ಬೆಲ್ಲ ಕಾಯಿತುರಿ ಕೊಟ್ಟರು. ಇಷ್ಟು ವರ್ಷದಲ್ಲಿ ಹೀಗೆ ನಕ್ಕ ನೆನಪು ನನಗಿಲ್ಲ.

ಫೋನ್ ನೋಡಿದಾಗ ಮೂರು ಗಂಟೆ. ಎದ್ದು ಬೇಗ ಬೇಗ ಹೊರಟೆ. ಹೊರಟ ದಾರಿ ಬೇರೆ ಎಂದು ಆಗ ಗೊತ್ತಾಗಲಿಲ್ಲ. ಸಮುದ್ರ ಕಂಡಿತು, ಬಾಗಿದ ಮರವೂ ಕಂಡಿತು. ಅದರ ಪಕ್ಕದಲ್ಲಿ ಇನ್ನೊಂದು ಬಾಗಿತ್ತು. ಅದರಾಚೆ ಇನ್ನೊಂದು. ದಡದ ಉದ್ದಕ್ಕೂ ಒಂದು ಮರ ನೆಟ್ಟಗಿಲ್ಲ ಬಿಂದು, ಎಲ್ಲವೂ ನೀರಿಗೆ ಬಗ್ಗಿಕೊಂಡು ನಿಂತಿವೆ. ದೋಣಿಕಟ್ಟೆ ಇಲ್ಲ. ತಲೆಯೆತ್ತಿ ನೋಡಿದೆ, ಹಡಗೂ ಇಲ್ಲ. ಅಷ್ಟು ದೊಡ್ಡ ಹಡಗು ನಿಂತಿದ್ದ ಸಮುದ್ರ ಖಾಲಿ.

ಬಿಟ್ಟು ಹೋದರು ಅಂದುಕೊಂಡೆ. ಮರಳಿನ ಮೇಲೆ ಕುಸಿದು ಕೂತು ಜೋರಾಗಿ ಅತ್ತೆ. ಕೇಳುವವರು ಯಾರೂ ಇರಲಿಲ್ಲ, ನಾಚಿಕೆಯೂ ಆಗಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ, ದಾರಿ ಕೇಳೋಣವೆಂದರೆ ಒಬ್ಬ ಮನುಷ್ಯನೂ ಇಲ್ಲ. ಅಳು ತಾನಾಗಿ ನಿಂತ ಮೇಲೆ ಸಮುದ್ರದ ಸದ್ದು ಕೇಳಿಸಿತು. ಧೋ ಎಂದು ಬಡಿಯುತ್ತಿತ್ತು. ಬೆಳಗ್ಗೆ ನಾನಿಳಿದ ನೀರು ಹೀಗೆ ಸದ್ದು ಮಾಡುತ್ತಿರಲಿಲ್ಲವಲ್ಲ ಅನ್ನಿಸಿತು. ಬೆಳಗ್ಗೆ ಇಳಿಯುವಾಗ ಬಿಸಿಲು ಎದುರಿಗಿತ್ತು, ಅಂದರೆ ನಾನು ಇಳಿದದ್ದು ಪಡುವಣ ದಡ. ಈಗ ಹೊತ್ತು ಇಳಿಯುತ್ತಿದೆ, ಬಿಸಿಲು ಬೆನ್ನಿಗಿದೆ. ಹಾಗಾದರೆ ನಾನು ಕೂತಿರುವುದು ಮೂಡಣ ದಡ. ಹಡಗು ಹೋಗಿಲ್ಲ, ನಾನೇ ದ್ವೀಪದ ಬೆನ್ನ ಕಡೆ ಕೂತು ಅಳುತ್ತಿದ್ದೇನೆ.

ಸೀರೆ ಎತ್ತಿ ಕಟ್ಟಿ ಬಿಸಿಲಿಗೆ ಮುಖ ಮಾಡಿ ನೇರ ತೋಟದೊಳಗೆ ನುಗ್ಗಿದೆ. ಯಾರ ಬೇಲಿ, ಯಾರ ಅಂಗಳ ಎಂದು ನೋಡಲಿಲ್ಲ. ಆ ಕಡೆ ಬಂದಾಗ ಹಡಗು ಕಂಡಿತು, ದೋಣಿಕಟ್ಟೆ ದೂರದಲ್ಲಿ ಬಲಗಡೆಗೆ ಕಂಡಿತು. ಮದುವೆಯಾದ ಮೇಲೆ ನಾನು ಓಡಿದ್ದು ಅವತ್ತೇ. ದೋಣಿಯವನು ಹಗ್ಗ ಬಿಚ್ಚುತ್ತಿದ್ದ. ಗಡಿಯಾರ ತೋರಿಸಿ ಏನೋ ಬೈದ. "ಬಂದೆನಲ್ಲಪ್ಪ, ಬೈಬೇಡ, ನಡಿ ಹೋಗಾಣ" ಎಂದು ಕನ್ನಡದಲ್ಲೇ ಹೇಳಿ ಕೂತೆ.

ಬಾಗಿಲಲ್ಲಿ ನಿನ್ನ ಮುಖ ಬೆಳ್ಳಗಾಗಿತ್ತು. ನಾನು "ಊಟ ಆಯ್ತೇನೇ?" ಎಂದು ಕೇಳಿ ಒಳಗೆ ಹೋದೆ. ಅಷ್ಟೇ ನಡೆದದ್ದು. ಅನುಸೂಯ ನಿನ್ನೆಯೂ ಕೇಳಿದಳು. ಇನ್ನೂ ಏನೂ ಹೇಳಿಲ್ಲ. ಗಂಡುದಿಕ್ಕಿಲ್ಲದೆ ಒಂದು ದಿನ ತಿರುಗಿ ಬಂದೆ ನಿಜ, ಆದರೆ ದಾರಿ ತಪ್ಪಿದ್ದೂ ನಿಜ. ಯಾವುದನ್ನು ನಂಬಬೇಕೋ ತಿಳಿಯುತ್ತಿಲ್ಲ.

ಅಮ್ಮ


ಮುಂಬಯಿ ಬಂದರು
೨೪ ಫೆಬ್ರವರಿ ೨೦೨೫

ಅಮ್ಮಾ,

ನಿನ್ನ ಕಾಗದವನ್ನು ಊಟದ ಬಿಡುವಿನಲ್ಲಿ ಓದಿದೆ, ಊಟ ಮಾಡಲಿಲ್ಲ.

ಅವತ್ತು ಮೂರು ಇಪ್ಪತ್ತಕ್ಕೆ ಕಾರ್ಡು ನೋಡುವ ನನ್ನ ಯಂತ್ರದ ಪರದೆಯ ಮೇಲೆ, ಇನ್ನೂ ವಾಪಸ್ ಬರದವರಲ್ಲಿ ಒಂದೇ ಹೆಸರು ಉಳಿದಿತ್ತು. ಪಕ್ಕದಲ್ಲಿ ನಿನ್ನ ಫೋಟೋ. ಮದುವೆಮನೆಯಲ್ಲಿ ಯಾರೋ ಬಲವಂತ ಮಾಡಿ ತೆಗೆದ ಹಾಗೆ ಹುಬ್ಬು ಗಂಟಿಕ್ಕಿಕೊಂಡಿದ್ದೀಯ. ಅಧಿಕಾರಿ ಬಂದು, "ಇವರು ಗುಂಪಿನಲ್ಲಿದ್ದಾರಾ?" ಎಂದು ಕೇಳಿದರು. ಇಲ್ಲ ಅಂದೆ. "ಹಾಗಾದರೆ ಮೂರೂವರೆ, ಒಂದು ನಿಮಿಷ ಹೆಚ್ಚಿಲ್ಲ" ಅಂದರು. ನನ್ನ ಅಮ್ಮ ಅಂದೆ. ನಿಯಮ ಎಲ್ಲರ ಅಮ್ಮಂದಿರಿಗೂ ಒಂದೇ ಅಂದರು. ಅವರು ಹೇಳಿದ್ದು ಸರಿಯೇ. ನೀನು ಬಂದು ಊಟ ಆಯ್ತೇನೇ ಎಂದು ಕೇಳಿ ಹೋದ ಮೇಲೆ, ಸಾಮಾನು ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ನೀನು ಮುಚ್ಚಿಟ್ಟದ್ದನ್ನು ಹೇಳಿದೆ. ನಾನೂ ಹೇಳಬೇಕು. ಅವತ್ತು ನನಗೆ ಡ್ಯೂಟಿ ಬಿದ್ದಿರಲಿಲ್ಲ. ರಜೆ ಇತ್ತು. ಹಿಂದಿನ ದಿನ ಗೆಳತಿಯ ಡ್ಯೂಟಿಯನ್ನು ಬೇಡಿ ತೆಗೆದುಕೊಂಡೆ. ಗುಂಪಿನ ಟಿಕೆಟ್ಟುಗಳೂ ಮುಗಿದಿರಲಿಲ್ಲ. ಅನುಸೂಯಕ್ಕನ ವಿಷಯ ನೀನು ಬರೆದಿದ್ದೆಯಲ್ಲ, ಅದನ್ನು ಓದಿದ ಮೇಲೆ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ನಾನು ಜೊತೆಗೆ ಬಂದರೆ ನಿನ್ನನ್ನು ಕರೆದುಕೊಂಡು ಹೋದವರ ಪಟ್ಟಿಯಲ್ಲಿ ನನ್ನದೂ ಒಂದು ಹೆಸರಾಗುತ್ತಿತ್ತು. ಒಂದೇ ಒಂದು ದಿನ ನೀನು ನೀನಾಗಿ ಹೋಗಿ ಬರಲಿ ಅನ್ನಿಸಿತು. ಹೇಳಿದ್ದರೆ ನೀನು ಇಳಿಯುತ್ತಿರಲಿಲ್ಲ.

ತಪ್ಪು ಮಾಡಿದೆನೋ ಏನೋ. ನೀನು ಮರಳಿನ ಮೇಲೆ ಕೂತು ಅತ್ತೆ ಎಂದು ಓದಿದಾಗ ಖಂಡಿತ ತಪ್ಪು ಅನ್ನಿಸಿತು. ಬಿಸಿಲು ಬೆನ್ನಿಗಿದೆ ಎಂದು ಎದ್ದೆಯಲ್ಲ, ಅಲ್ಲಿಗೆ ಬಂದಾಗ ಅಷ್ಟು ಖಂಡಿತವಾಗಿ ಅನ್ನಿಸಲಿಲ್ಲ. ಬೈಯುವುದಿದ್ದರೆ ಬೈದು ಬರೆ.

ಬಿಂದು


ಮುಂಬಯಿ ಬಂದರು
೪ ಏಪ್ರಿಲ್ ೨೦೨೫

ಅಮ್ಮಾ,

ಯುಗಾದಿಯೂ ಕಳೆಯಿತು. ಪ್ರತಿ ವಾರ ಕಚೇರಿಯಿಂದ ಟಪಾಲಿನ ಚೀಲ ಬರುತ್ತದೆ, ನಿನ್ನದಿಲ್ಲ. ನಿನ್ನ ಫೋನಿಗೆ ಮಾಡಿದರೆ ದೊಡ್ಡಮ್ಮ ತೆಗೆದು "ಅವಳು ಹೊರಗೆ ಹೋಗವಳೆ" ಅನ್ನುತ್ತಾರೆ. ನೀನು ಎಲ್ಲಿಗೆ ಹೊರಗೆ ಹೋಗುತ್ತೀಯ? ನನ್ನ ಜೊತೆ ಮಾತು ಬೇಡ ಎಂದು ಅವರ ಕೈಲಿ ಹೇಳಿಸುತ್ತಿದ್ದೀಯ ಎಂದು ನನಗೆ ತಿಳಿಯುವುದಿಲ್ಲವೇ?

ಮೇ ಇಪ್ಪತ್ತೆಂಟಕ್ಕೆ ನನ್ನ ಈ ಬಾರಿಯ ಕರಾರು ಮುಗಿಯುತ್ತದೆ. ಆಮೇಲೆ ಎರಡು ತಿಂಗಳು ರಜೆ. ಹೋದ ಸಲ ರಜೆಯಲ್ಲಿ ಇಲ್ಲೇ ಗೆಳತಿಯ ಮನೆಯಲ್ಲಿದ್ದೆ. ಈ ಸಲ ಊರಿಗೆ ಬರಲೇ, ಬೇಡವೇ? ಒಂದು ಸಾಲು ಬರೆದರೂ ಸಾಕು.

ಬಿಂದು


ಹಿರಿಯೂರು
೫ ಮೇ ೨೦೨೫, ಸೋಮವಾರ

ಬಿಂದು,

ಮೇಲೆ ಊರಿನ ಹೆಸರು ನೋಡಿದೆಯಾ? ಇನ್ನೊಂದು ಸಲ ನೋಡು.

ನಿನ್ನ ಫೆಬ್ರವರಿಯ ಕಾಗದ ಓದಿ ಮೂರು ದಿನ ಕೈಗೆ ಸಿಕ್ಕಿದ ಪಾತ್ರೆಯನ್ನೆಲ್ಲ ಕುಕ್ಕಿದೆ. ಹೆತ್ತವಳನ್ನು ಸಮುದ್ರದ ನಡುವೆ ಬಿಟ್ಟು ಪರೀಕ್ಷೆ ಮಾಡಿದಳಲ್ಲ ಎಂದು ಮೈಯೆಲ್ಲ ಉರಿಯಿತು. ನಾಲ್ಕನೆಯ ದಿನ ಮನೆಯ ಅಟ್ಟದಲ್ಲಿ ಕಾಯಿ ಆರಿಸುತ್ತಿದ್ದಾಗ ಬೇರೆ ಯೋಚನೆ ಬಂತು. ಆ ಮೂಡಣ ದಡದಲ್ಲಿ ನೀನು ಪಕ್ಕದಲ್ಲಿದ್ದಿದ್ದರೆ ನಾನು ಬಿಸಿಲು ಯಾವ ಕಡೆ ಇದೆ ಎಂದು ನೋಡುತ್ತಲೇ ಇರಲಿಲ್ಲ. ನಿನ್ನ ಮುಖ ನೋಡುತ್ತಿದ್ದೆ. ಸಿಟ್ಟು ಪೂರ್ತಿ ಹೋಗಲಿಲ್ಲ, ಇನ್ನೂ ಸ್ವಲ್ಪ ಇದೆ. ನೀನು ಸಿಕ್ಕಾಗ ಕೊಡುತ್ತೇನೆ.

ಯುಗಾದಿಯ ಹಿಂದಿನ ದಿನ ಅನುಸೂಯಳಿಗೆ ಆಗಲಿ ಅಂದೆ. ನಿನ್ನ ದೊಡ್ಡಪ್ಪ, "ತಿಪ್ಪೇಶ ಬೈಕಲ್ಲಿ ಬಿಟ್ಟು ಬರ್ತಾನೆ ಬಿಡು" ಅಂದರು. "ಬ್ಯಾಡ್ರಿ ಭಾವ, ಬಸ್ಸೈತೆ" ಅಂದೆ. ಅವರು ನಗಲಿಲ್ಲ. ದೊಡ್ಡಮ್ಮ ನಿನಗೆ ಫೋನಿನಲ್ಲಿ ಹೇಳಿದ್ದು ನಿಜ ಕಣೇ, ನಾನು ಫೋನ್ ಮನೆಯಲ್ಲೇ ಬಿಟ್ಟು ಹೊರಗೇ ಹೋಗಿದ್ದೆ. ಸೋಮವಾರ ಮಾತ್ರವಲ್ಲ, ಮೊದಲ ಸೋಮವಾರಕ್ಕೆ ಮುಂಚೆ ಅಭ್ಯಾಸಕ್ಕೆಂದು ದಿನಾ ಬಸ್‌ಸ್ಟ್ಯಾಂಡಿನ ತನಕ ನಡೆದು ವಾಪಸ್ ಬರುತ್ತಿದ್ದೆ.

ಮೊದಲ ದಿನ ಕಂಡಕ್ಟರ್ ಬಂದು, "ಎಲ್ಲಿಗ್ರಿ ಅಕ್ಕಾರೆ?" ಅಂದ. ಹಿರಿಯೂರಿಗೆ ಒಂದು ಅಂದೆ. "ಜೊತೆಗೆ ಯಾರವ್ರೆ?" ಅಂದ. ಯಾರೂ ಇಲ್ಲ ಅಂದೆ. ಅವನು ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದ. ಅಷ್ಟೇ. ಇಷ್ಟು ವರ್ಷ ನಾನು ಹೆದರಿಕೊಂಡಿದ್ದು ಇದಕ್ಕಾ ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು, ಬೈದುಕೊಳ್ಳುತ್ತಲೇ ಹೊರಗೆ ನೋಡಿದೆ. ತೋಟದ ದುರುಗೇಶಪ್ಪ ನನ್ನನ್ನು ನೋಡಿ ಗಂಡಸರು ಬಂದಿಲ್ಲವೇ ಎಂದು ಬಾಗಿಲ ಕಡೆ ನೋಡಿದ. ಇಪ್ಪತ್ತು ಕಾಯಿ ಮುಂದೆ ಇಟ್ಟ. ಹದಿನೇಳು ಆಗಿದೆ, ಮೂರರಲ್ಲಿ ಇನ್ನೂ ನೀರಿದೆ ಅಂದೆ. ಒಡೆಸಿ ನೋಡಿದ. ಈಗ ಹೋದರೆ, "ಬರ್ರಿ, ಕುಂತ್ಕಳ್ರಿ, ಮಜ್ಜಿಗೆ ತರ್ಲಾ?" ಅನ್ನುತ್ತಾನೆ. ಇವತ್ತಿಗೆ ಐದನೆಯ ಸೋಮವಾರ. ಅವನ ಜಗಲಿಯ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಒಂದು ಸಲ ವಾಪಸ್ ಬರುವಾಗ ತಪ್ಪು ಬಸ್ಸು ಹತ್ತಿ ಹೊಳಲ್ಕೆರೆಯಲ್ಲಿ ಇಳಿದೆ. ಅಲ್ಲಿ ಒಂದು ಚಹಾ ಕುಡಿದು ಇನ್ನೊಂದು ಬಸ್ಸು ಹತ್ತಿ ಮನೆಗೆ ಬಂದೆ.

ಈಗ ನೀನು ಕೇಳಿದ್ದಕ್ಕೆ ಉತ್ತರ. ನೀನಾಗಿ ಊರಿಗೆ ಬರಬೇಡ. ನಾನು ಬಂದು ಕರೆದುಕೊಂಡು ಬರುತ್ತೇನೆ. ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಇಳಿದು, ಅಲ್ಲಿಂದ ಮುಂಬಯಿ ಗಾಡಿ. ಸ್ಟೇಷನ್ನಿಗೆ ಹೋಗಿ ಟಿಕೆಟ್ಟು ನಾನೇ ತೆಗೆಸಿದ್ದೇನೆ. ಹೋಗುವಾಗ ಒಂದು, ಬರುವಾಗ ಎರಡು.

ಎರಡೂವರೆ ವರ್ಷದ ಹಿಂದೆ ನೀನು ಚೀಲ ಹಿಡಿದು ಹೊರಟಾಗ ನಾನು ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಸಿಟ್ಟು ಎಂದು ನೀನು ತಿಳಿದೆ, ನಾನೂ ಹಾಗೆಂದೇ ಎಲ್ಲರಿಗೂ ಹೇಳಿದ್ದೆ. ಸಿಟ್ಟು ಸ್ವಲ್ಪವೇ ಇತ್ತು. ನಿನ್ನನ್ನು ಬಸ್ಸು ಹತ್ತಿಸಬೇಕು ಎಂದು ಕಾಲು ಅಡಿಗೆಮನೆಯ ಬಾಗಿಲ ತನಕ ಬಂದಿತ್ತು. ಮನೆಯಲ್ಲಿ ಅವತ್ತು ಯಾರೂ ಇರಲಿಲ್ಲ. ನೀನು ಹೋದ ಮೇಲೆ ಬಸ್‌ಸ್ಟ್ಯಾಂಡಿನಿಂದ ಮನೆಗೆ ನಾನು ಒಬ್ಬಳೇ ವಾಪಸ್ ಬರಬೇಕಿತ್ತಲ್ಲ, ಅದಕ್ಕೆ ಹೆದರಿ ಒಳಗೆ ಉಳಿದೆ.

ಇಪ್ಪತ್ತೆಂಟರ ಬೆಳಗ್ಗೆ ಬಂದರಿನ ಗೇಟಿನಲ್ಲಿ ಇರುತ್ತೇನೆ. ನೀನು ಇಳಿಯುವುದು ತಡವಾದರೂ ಆಗಲಿ, ನಾನು ಕಾಯುತ್ತೇನೆ.

ನಿನ್ನ ಅಮ್ಮ
ಮಹಾದೇವಮ್ಮ